ಬೀದಿನಾಟಕ ಯಾರನ್ನು ದೂರುತ್ತದೆ?

ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಆಗಾಗ ಅಚ್ಚಾಗುವ ಒಂದು ಚಿತ್ರವಿದೆ. ತಾಲ್ಲೂಕು ಕಚೇರಿಯ ಮುಂದೆ ಅಧಿಕಾರಿಯೊಬ್ಬರು ತಮಟೆ ಬಾರಿಸುತ್ತಿರುತ್ತಾರೆ; ಅಕ್ಕಪಕ್ಕದಲ್ಲಿ ಇನ್ನಷ್ಟು ಅಧಿಕಾರಿಗಳು, ಚುನಾಯಿತ ಸದಸ್ಯರು; ಹಿಂಬದಿಯಲ್ಲಿ ಒಂದೇ ಬಣ್ಣದ ಜುಬ್ಬಾ ತೊಟ್ಟ ಐದಾರು ಕಲಾವಿದರು. ಕಲಾಜಾಥಾಕ್ಕೆ ಚಾಲನೆ ದೊರೆಯಿತೆಂದು ಅಡಿಬರಹ ಹೇಳುತ್ತದೆ, ತಮಟೆ ಮುಟ್ಟಿದವರ ಹುದ್ದೆಗಳನ್ನೂ ಹೆಸರುಗಳನ್ನೂ ಕ್ರಮವಾಗಿ ಕೊಡುತ್ತದೆ. ಆ ಕಲಾವಿದರು ಆಡಿದ ನಾಟಕ ಯಾವುದು, ಅದರಲ್ಲಿ ಏನಿತ್ತು, ನೋಡಿದವರು ನಕ್ಕರೋ ಎದ್ದು ಹೋದರೋ ಎಂಬ ಬಗ್ಗೆ ಒಂದು ಸಾಲೂ ಇರುವುದಿಲ್ಲ. ಸರ್ಕಾರವನ್ನು ನಡುಬೀದಿಯಲ್ಲಿ ನಿಲ್ಲಿಸಿ ಪ್ರಶ್ನಿಸಲೆಂದು 1970ರ ದಶಕದಲ್ಲಿ ಬೆಳೆದ ಕಲೆಯೊಂದು ಸರ್ಕಾರದ ಯೋಜನೆಗಳನ್ನು ಸಾರುವ ಕಲೆಯಾದದ್ದು ಹೇಗೆ ಎಂಬುದನ್ನು ಬಿಡಿಸಿ ನೋಡಿದರೆ, ಸಾರ್ವಜನಿಕ ಬದುಕಿನಲ್ಲಿ ಕಲೆ, ಮಾಧ್ಯಮ ಮತ್ತು ಹೋರಾಟ ಒಂದಕ್ಕೊಂದು ಹೇಗೆ ಆಸರೆಯಾಗುತ್ತವೆ, ಎಲ್ಲಿ ಕೈಬಿಡುತ್ತವೆ ಎಂಬುದೂ ಸಾಕಷ್ಟು ತಿಳಿಯುತ್ತದೆ.

ಬಯಲಿನಲ್ಲಿ ಆಡುವುದೆಲ್ಲ ಬೀದಿನಾಟಕವಲ್ಲ. ದೊಡ್ಡಾಟ, ಸಣ್ಣಾಟ, ಯಕ್ಷಗಾನ ಬಯಲಾಟಗಳಿಗೆ ಸೂರಿಲ್ಲದಿದ್ದರೂ ಊರಿನ ಕರೆ ಇರುತ್ತದೆ, ವೀಳ್ಯ ಕೊಟ್ಟಿರುತ್ತಾರೆ, ಕಥೆ ಎಲ್ಲರಿಗೂ ಮೊದಲೇ ಗೊತ್ತಿರುತ್ತದೆ, ಜನ ಚಾಪೆ ಕಂಬಳಿ ಹಿಡಿದು ಇರುಳು ಕಳೆಯಲು ಸಿದ್ಧರಾಗಿಯೇ ಬರುತ್ತಾರೆ. ಬೀದಿನಾಟಕ ಕರೆಯದೆ ಬರುತ್ತದೆ. ಅದರ ಪ್ರೇಕ್ಷಕ ಸಂತೆಗೆ ಈರುಳ್ಳಿ ಮಾರಲು ಬಂದವನು, ಬಸ್ಸಿಗೆ ಕಾದವಳು, ಕಾರ್ಖಾನೆಯ ಗೇಟಿನಿಂದ ಪಾಳಿ ಮುಗಿಸಿ ಹೊರಬಂದವನು. ನಾಟಕ ನೋಡುವ ಉದ್ದೇಶ ಅವರಾರಿಗೂ ಇರಲಿಲ್ಲ. ಟಿಕೆಟ್ ಕೊಂಡವನು ಬೇಸರವಾದರೂ ಸ್ವಲ್ಪ ಹೊತ್ತು ಕೂರುತ್ತಾನೆ, ಇಲ್ಲಿ ನಿಂತವನಿಗೆ ಹಾಗೆ ಕೂರಬೇಕಾದ ಹಂಗಿಲ್ಲ. ಈ ಕಲೆಯ ಪಟ್ಟುಗಳೆಲ್ಲ ಹುಟ್ಟಿರುವುದು ಇದೊಂದೇ ಕಷ್ಟದಿಂದ.

ಒಂದು ಪ್ರದರ್ಶನವನ್ನು ಹತ್ತಿರದಿಂದ ಗಮನಿಸಿದರೆ ಇದು ಸ್ಪಷ್ಟವಾಗುತ್ತದೆ. ಮೊದಲು ತಮಟೆಯ ಸದ್ದು ಏಳುತ್ತದೆ, ಏಕೆಂದರೆ ಸಂತೆಯ ಗದ್ದಲವನ್ನು ಸೀಳಬಲ್ಲ ಸದ್ದು ಅದೇ. ನಟರು ಕೈ ಕೈ ಹಿಡಿದು ಸುತ್ತು ಹೊಡೆಯುತ್ತ ಹಾಡು ಹೇಳುತ್ತಾರೆ. ಆ ಸುತ್ತಿನ ಹೊರಗೆ ಜನ ನಿಂತುಕೊಳ್ಳುವುದರಿಂದ ರಂಗಸ್ಥಳ ತಾನಾಗಿಯೇ ಮೂಡುತ್ತದೆ. ವೃತ್ತದೊಳಗೆ ಆಡುವ ನಟನ ಬೆನ್ನು ಯಾವಾಗಲೂ ಯಾರಿಗಾದರೂ ಕಾಣುತ್ತಲೇ ಇರುತ್ತದೆ. ಆದ್ದರಿಂದ ಅವನು ಒಂದು ಕಡೆಗೆ ಹೇಳಿದ ಮಾತನ್ನು ಮೇಳದವರು ಇನ್ನೊಂದು ಕಡೆಗೆ ಎತ್ತಿ ಹೇಳುತ್ತಾರೆ, ಸಂಭಾಷಣೆಯ ವಾಕ್ಯಗಳು ಗಿಡ್ಡವಾಗುತ್ತವೆ, ಮುಖದ ಸೂಕ್ಷ್ಮ ಭಾವಕ್ಕಿಂತ ಮೈಯ ದೊಡ್ಡ ಚಲನೆ ಮುಖ್ಯವಾಗುತ್ತದೆ. ವೇಷ ಬದಲಿಸಲು ಮರೆಯಿಲ್ಲ. ಹೆಗಲ ಮೇಲಿನ ಟವೆಲನ್ನೇ ತಲೆಗೆ ಸುತ್ತಿದರೆ ಗೌಡ, ಸೊಂಟಕ್ಕೆ ಬಿಗಿದರೆ ಜೀತದಾಳು, ಮಡಚಿ ತೋಳಿನಲ್ಲಿ ಹಿಡಿದರೆ ಕೂಸು. ತಡವಾಗಿ ಬಂದು ನಿಂತವನಿಗೂ ಯಾರು ಯಾರೆಂದು ತಕ್ಷಣ ತಿಳಿಯಬೇಕಾದ್ದರಿಂದ ಪಾತ್ರಗಳು ಸಾಹುಕಾರ, ಪೊಲೀಸ್, ಮಂತ್ರಿ, ಕೂಲಿ ಎಂಬಂಥ ಅಚ್ಚುಗಳಾಗಿರುತ್ತವೆ. ಬೀದಿನಾಟಕದಲ್ಲಿ ಪಾತ್ರಪೋಷಣೆ ತೆಳುವೆಂದು ವಿಮರ್ಶಕರು ಹೇಳುತ್ತಲೇ ಬಂದಿದ್ದಾರೆ. ಆ ಮಾತು ನಿಜ, ಆದರೆ ಹತ್ತು ನಿಮಿಷ ತಡವಾಗಿ ಬಂದವನಿಗೂ ಅರ್ಥವಾಗಬೇಕೆಂಬ ಕರಾರು ಷೇಕ್ಸ್‌ಪಿಯರನ ನಾಟಕಕ್ಕಿರಲಿಲ್ಲ. ಇಪ್ಪತ್ತು ಮೂವತ್ತು ನಿಮಿಷಗಳಲ್ಲಿ ಆಟ ಮುಗಿಯುತ್ತದೆ. ಕೊನೆಗೆ ನಟರು ಪಾತ್ರ ಕಳಚಿ ಜನರೊಡನೆ ನೇರವಾಗಿ ಮಾತನಾಡುತ್ತಾರೆ, ಕರಪತ್ರ ಹಂಚುತ್ತಾರೆ, ಅದೇ ಟವೆಲನ್ನು ಹಿಡಿದು ಸುತ್ತ ಬಂದು ಚಿಲ್ಲರೆ ಸಂಗ್ರಹಿಸುತ್ತಾರೆ. ಈ ಟವೆಲಿನ ವಿಚಾರಕ್ಕೆ ಮತ್ತೆ ಬರಬೇಕಾಗುತ್ತದೆ.

ಇಂಥ ನಾಟಕ 1970ರ ದಶಕದ ಕೊನೆಯಲ್ಲಿ ದೇಶದ ಹಲವು ಕಡೆ ಹೆಚ್ಚೂಕಡಿಮೆ ಒಟ್ಟಿಗೇ ಹರಡಿದ್ದಕ್ಕೆ ಕಾರಣಗಳಿವೆ. ರಾಜಕೀಯ ರಂಗಭೂಮಿ ಅದಕ್ಕೂ ಹಳೆಯದು. 1943ರಲ್ಲಿ ಹುಟ್ಟಿದ ಇಪ್ಟಾ (ಭಾರತೀಯ ಜನ ನಾಟ್ಯ ಸಂಘ) ಬಂಗಾಳದ ಬರಗಾಲವನ್ನು ರಂಗಕ್ಕೆ ತಂದಿತ್ತು. ಕೋಲ್ಕತ್ತದಲ್ಲಿ ಬಾದಲ್ ಸರ್ಕಾರ್ ಅವರು ಪರದೆ, ದೀಪ, ವೇದಿಕೆಗಳನ್ನು ಬಿಟ್ಟು ಜನರ ನಡುವೆಯೇ ಆಡುವ ರಂಗಭೂಮಿಯನ್ನು ಕಟ್ಟಿದರು, ಅವರ ಪ್ರಭಾವ ಕರ್ನಾಟಕದವರೆಗೂ ಬಂತು. ಆದರೆ ಬೀದಿಗೆ ನಿಜವಾದ ನೂಕು ಸಿಕ್ಕಿದ್ದು ತುರ್ತು ಪರಿಸ್ಥಿತಿಯ ಇಪ್ಪತ್ತೊಂದು ತಿಂಗಳುಗಳಿಂದ. ಪತ್ರಿಕೆಗಳ ಮೇಲೆ ಪೂರ್ವ ಸೆನ್ಸಾರ್ ಇತ್ತು, ಆಕಾಶವಾಣಿ ಸರ್ಕಾರದ ಕೈಯಲ್ಲಿತ್ತು. ಅದು ಮುಗಿದ ಮೇಲೂ ಬಾನುಲಿ ಸರ್ಕಾರದ್ದೇ. ಕರ್ನಾಟಕದಲ್ಲಿ 1981ರ ಜನಗಣತಿಯ ಹೊತ್ತಿಗೂ ಅರ್ಧಕ್ಕಿಂತ ಹೆಚ್ಚು ಜನರಿಗೆ ಓದು ಬರುತ್ತಿರಲಿಲ್ಲ. ಹೀಗಿರುವಾಗ ಅಕ್ಷರ ಬಾರದವನಿಗೆ ಸರ್ಕಾರದ್ದಲ್ಲದ ಸುದ್ದಿಯನ್ನು ಮುಟ್ಟಿಸಲು ಇದ್ದ ದಾರಿಗಳು ಭಾಷಣ, ಹಾಡು ಮತ್ತು ನಾಟಕ ಮಾತ್ರ.

ದೆಹಲಿಯ ಜನ ನಾಟ್ಯ ಮಂಚ್‌ನ ಕಥೆಯಲ್ಲಿ ಹಣದ ಲೆಕ್ಕವೂ ಬರುತ್ತದೆ. 1973ರಲ್ಲಿ ಆರಂಭವಾದ ಆ ತಂಡ ಮೊದಲು ದೊಡ್ಡ ವೇದಿಕೆಯ ನಾಟಕಗಳನ್ನೇ ಆಡುತ್ತಿತ್ತು. ತುರ್ತು ಪರಿಸ್ಥಿತಿ ಮುಗಿದಾಗ, ಅವರನ್ನು ಕರೆಸುತ್ತಿದ್ದ ಕಾರ್ಮಿಕ ಸಂಘಗಳ ಕೈ ಬರಿದಾಗಿತ್ತು. ದೊಡ್ಡ ನಾಟಕದ ಖರ್ಚು ಹೊರುವವರಿರಲಿಲ್ಲ. ದೊಡ್ಡದನ್ನು ಆಡಲಾಗದಿದ್ದರೆ ಚಿಕ್ಕದನ್ನು ಆಡೋಣವೆಂದು ಅವರು 1978ರಲ್ಲಿ ಮೊದಲ ಬೀದಿನಾಟಕ ಕಟ್ಟಿದರು. ದೆಹಲಿ ಹೊರವಲಯದ ಕಾರ್ಖಾನೆಯೊಂದರ ಕಾರ್ಮಿಕರು ಕೇಳಿದ್ದು ಎರಡೇ: ಸೈಕಲ್ ನಿಲ್ಲಿಸಲು ಜಾಗ, ಚಹಾ ಕುಡಿಯಲು ಒಂದು ಕ್ಯಾಂಟೀನ್. ಅದಕ್ಕಾಗಿ ನಡೆದ ಮುಷ್ಕರದಲ್ಲಿ ಕಾವಲುಗಾರರು ಗುಂಡು ಹಾರಿಸಿ ಆರು ಮಂದಿ ಸತ್ತಿದ್ದರು. ನಾಟಕದ ಹೆಸರು ‘ಮಶೀನ್’, ಅವಧಿ ಹದಿಮೂರು ನಿಮಿಷ. ನಟರ ಮೈಗಳೇ ಸೇರಿ ಯಂತ್ರವಾಗುತ್ತವೆ, ಒಂದು ಹಂತದಲ್ಲಿ ಆ ಯಂತ್ರ ನಿಂತುಬಿಡುತ್ತದೆ. ಸೈಕಲ್ ಸ್ಟ್ಯಾಂಡ್ ಎಂಬಷ್ಟು ಚಿಕ್ಕ ಬೇಡಿಕೆಯಿಂದ ಬಂಡವಾಳ ಮತ್ತು ದುಡಿಮೆಯ ಸಂಬಂಧದವರೆಗೆ ಹದಿಮೂರು ನಿಮಿಷಗಳಲ್ಲಿ ಹೋಗಬಹುದೆಂದು ಆ ನಾಟಕ ತೋರಿಸಿತು. ಮುಂದೆ ನೂರಾರು ತಂಡಗಳಿಗೆ ಅದು ಮಾದರಿಯಾಯಿತು.

ಕರ್ನಾಟಕದಲ್ಲಿ ಈ ಕೆಲಸವನ್ನು ಮುಂಚೂಣಿಯಲ್ಲಿ ನಿಂತು ಮಾಡಿದ್ದು 1975ರಲ್ಲಿ ಹುಟ್ಟಿದ ‘ಸಮುದಾಯ’ ಎಂಬ ರಂಗಸಂಘಟನೆ. ಅದು ಅತಿ ಹೆಚ್ಚು ಹೆಸರಾದದ್ದು ‘ಬೆಲ್ಚಿ’ ಎಂಬ ಬೀದಿನಾಟಕದಿಂದ. ಬೆಲ್ಚಿ ಬಿಹಾರದ ಒಂದು ಹಳ್ಳಿ. 1977ರ ಮೇ ತಿಂಗಳಲ್ಲಿ ಅಲ್ಲಿ ಹನ್ನೊಂದು ಮಂದಿಯನ್ನು ಕೊಂದು ಸುಟ್ಟರು, ಸತ್ತವರಲ್ಲಿ ಹೆಚ್ಚಿನವರು ದಲಿತರು. ಆ ಘಟನೆಗೆ ಎರಡು ಬಗೆಯ ಸಾರ್ವಜನಿಕ ಪ್ರದರ್ಶನಗಳು ದೊರೆತವೆಂಬುದನ್ನು ಗಮನಿಸಬೇಕು. ಅಧಿಕಾರ ಕಳೆದುಕೊಂಡಿದ್ದ ಇಂದಿರಾ ಗಾಂಧಿಯವರು ಆಗಸ್ಟ್ ತಿಂಗಳಲ್ಲಿ, ಮಳೆಯಿಂದ ದಾರಿ ಕೆಸರಾಗಿದ್ದಾಗ, ಆನೆಯ ಮೇಲೆ ಕುಳಿತು ಆ ಹಳ್ಳಿಗೆ ಹೋದರು. ಅವರ ರಾಜಕೀಯ ಪುನರುತ್ಥಾನ ಅಲ್ಲಿಂದಲೇ ಶುರುವಾಯಿತೆಂದು ಇಂದಿಗೂ ಬರೆಯುತ್ತಾರೆ. ಆ ಸುದ್ದಿಯ ನಡುವೆ ಕಂಡದ್ದು ಆನೆ ಮತ್ತು ನಾಯಕಿ. ಸತ್ತವರು ಹಿನ್ನೆಲೆಗೆ ಸರಿದರು. ‘ಸಮುದಾಯ’ದ ನಟರು ಅದೇ ಊರನ್ನು ಕರ್ನಾಟಕದ ಸಂತೆಗಳಿಗೆ ತಂದಾಗ ವೃತ್ತದ ನಡುವೆ ಉಳಿದದ್ದು ಕೊಂದವರು ಮತ್ತು ಸತ್ತವರು ಮಾತ್ರ. ಬಿಹಾರದ ಹೆಸರು ಕೇಳದವನಿಗೂ ಅದು ತನ್ನ ಊರಿನ ಕೇರಿಯ ಕಥೆಯೆಂದು ಗುರುತು ಸಿಕ್ಕಿತು. ದಲಿತ ಸಂಘರ್ಷ ಸಮಿತಿಯ ಸಭೆಗಳು ಹೋರಾಟದ ಹಾಡುಗಳಿಂದಲೇ ಆರಂಭವಾಗುತ್ತಿದ್ದ ಕಾಲವದು. ನಾಟಕ ನೋಡಿ ಕುದಿದವನಿಗೆ ಹೋಗಿ ಸೇರಿಕೊಳ್ಳಲು ಒಂದು ಸಂಘಟನೆ ಊರಿನ ಆಸುಪಾಸಿನಲ್ಲೇ ಇತ್ತು.

ಬೀದಿನಾಟಕದ ಅಭಿಮಾನಿಗಳು ಹೆಚ್ಚಾಗಿ ಮರೆಯುವ ಸಂಗತಿ ಇದೇ. ನಾಟಕ ಒಂದೇ ನಿಂತು ಏನನ್ನೂ ಬದಲಿಸಿದ ಉದಾಹರಣೆ ವಿರಳ. 1978ರ ನವೆಂಬರಿನಲ್ಲಿ ಇಂದಿರಾ ಗಾಂಧಿಯವರು ಚಿಕ್ಕಮಗಳೂರಿನ ಉಪಚುನಾವಣೆಗೆ ನಿಂತಾಗ, ತುರ್ತು ಪರಿಸ್ಥಿತಿಯನ್ನು ನೆನಪಿಸುವ ಬೀದಿನಾಟಕಗಳನ್ನು ಹಿಡಿದು ‘ಸಮುದಾಯ’ ಆ ಕ್ಷೇತ್ರದಲ್ಲಿ ಸುತ್ತಿತು. ದೇಶದ ಪತ್ರಕರ್ತರೆಲ್ಲ ಅಲ್ಲಿದ್ದರು, ವೀರೇಂದ್ರ ಪಾಟೀಲರಂಥ ಪ್ರಬಲ ಎದುರಾಳಿಯೂ ಇದ್ದರು. ಇಂದಿರಾ ಎಪ್ಪತ್ತು ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು. ನಾಟಕ ಚೆನ್ನಾಗಿರಲಿಲ್ಲ ಎಂದು ಇದರಿಂದ ತೀರ್ಮಾನಿಸಬೇಕಾಗಿಲ್ಲ. ಕರ್ನಾಟಕದ ಬಡವರಿಗೆ ದೇವರಾಜ ಅರಸು ಅವರ ಆಡಳಿತದ ಭೂಸುಧಾರಣೆಯೂ ನಿವೇಶನ ಹಂಚಿಕೆಯೂ ಕಣ್ಣೆದುರಿಗಿದ್ದವು. ದೆಹಲಿಯ ತುರ್ತು ಪರಿಸ್ಥಿತಿಯ ಕಥೆ ಅವರ ಅನುಭವದ ಕಥೆಯಾಗಿರಲಿಲ್ಲ. ಬೀದಿಯಲ್ಲಿ ನಿಂತವನಿಗೆ ತನ್ನ ಅನುಭವವನ್ನು ಹೆಸರಿಟ್ಟು ತೋರಿಸುವ ಶಕ್ತಿ ನಾಟಕಕ್ಕಿದೆ, ಇಲ್ಲದ ಅನುಭವವನ್ನು ಇಪ್ಪತ್ತು ನಿಮಿಷದಲ್ಲಿ ಉಂಟುಮಾಡುವ ಶಕ್ತಿ ಅದಕ್ಕಿಲ್ಲ.

ಇದಕ್ಕೆ ಎದುರಾಗಿ ಇಡಬಹುದಾದ ಉದಾಹರಣೆ ರಾಜಸ್ಥಾನದ್ದು. 1990ರಲ್ಲಿ ರೂಪುಗೊಂಡ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯ ಜಗಳ ಆರಂಭದಲ್ಲಿ ಬಹಳ ಸಣ್ಣದು: ಬರ ಪರಿಹಾರದ ಕಾಮಗಾರಿಗಳಲ್ಲಿ ದುಡಿದವರಿಗೆ ಕನಿಷ್ಠ ಕೂಲಿ ಸಿಗುತ್ತಿರಲಿಲ್ಲ, ಕೇಳಿದರೆ ದಾಖಲೆಯಲ್ಲಿ ಕೆಲಸ ಕಡಿಮೆಯಾಗಿದೆ ಎನ್ನುತ್ತಿದ್ದರು, ದಾಖಲೆ ತೋರಿಸಿ ಎಂದರೆ ಅದು ಗುಟ್ಟು ಎನ್ನುತ್ತಿದ್ದರು. ಸಂಘಟನೆಯ ಶಂಕರ್ ಸಿಂಗ್ ಅವರು ಬೊಂಬೆಯಾಟದಿಂದ, ಹಾಡಿನಿಂದ, ರಾಜಕಾರಣಿಯ ವೇಷದ ಅಣಕದಿಂದ ಜನರನ್ನು ಸೇರಿಸುತ್ತಿದ್ದರು. ಸೇರಿದ ಜನರ ಮುಂದೆ 1994ರ ಡಿಸೆಂಬರಿನಿಂದ ‘ಜನ ಸುನ್ವಾಯಿ’ಗಳು, ಅಂದರೆ ಸಾರ್ವಜನಿಕ ವಿಚಾರಣೆಗಳು, ನಡೆದವು. ಶಾಮಿಯಾನದ ಕೆಳಗೆ ಹಾಜರಿ ಪಟ್ಟಿಯನ್ನು ಗಟ್ಟಿಯಾಗಿ ಓದುವುದು, ಹೆಸರು ಬಂದವರು ಎದ್ದು ನಿಂತು ತಾವು ಅಲ್ಲಿ ಕೆಲಸ ಮಾಡಿದ್ದು ನಿಜವೋ ಸುಳ್ಳೋ ಎಂದು ಹೇಳುವುದು ಅದರ ಕ್ರಮ. ಸತ್ತುಹೋದವರ ಹೆಸರಿನಲ್ಲಿ ಕೂಲಿ ಎತ್ತಿದ್ದು, ಕಟ್ಟದೇ ಇದ್ದ ಕಟ್ಟಡಕ್ಕೆ ಬಿಲ್ಲು ಆದದ್ದು ಊರಿನವರ ಬಾಯಲ್ಲೇ ಹೊರಬಂತು. ಬೊಂಬೆ ಹೇಳಿದ ಕಥೆಗೂ ಹಾಜರಿ ಪಟ್ಟಿಗೂ ನಡುವೆ ಒಂದು ದಾಟು ಇದೆ, ಅದನ್ನು ಆ ಸಂಘಟನೆ ಎಚ್ಚರದಿಂದ ದಾಟಿತು. ನಗು ತಂದ ಧೈರ್ಯವನ್ನು ಅವರು ನಗುವಿನಲ್ಲೇ ಮುಗಿಯಲು ಬಿಡದೆ, ಒಂದು ಕಾಗದದ ನಕಲು ಕೊಡಿ ಎಂಬ ಬೇಡಿಕೆಯಾಗಿ ಮಾರ್ಪಡಿಸಿದರು. ಹೌದು ಅಥವಾ ಇಲ್ಲ ಎಂದಷ್ಟೇ ಉತ್ತರಿಸಬಹುದಾದ ಬೇಡಿಕೆ ಅದು, ಸರ್ಕಾರಕ್ಕೆ ಜಾರಿಕೊಳ್ಳಲು ಅಲ್ಲಿ ಎಡೆಯಿರಲಿಲ್ಲ.

ಇದೇ ಬೇಡಿಕೆಗಾಗಿ 1996ರ ಏಪ್ರಿಲಿನಲ್ಲಿ ರಾಜಸ್ಥಾನದ ಬ್ಯಾವರ್ ಪಟ್ಟಣದಲ್ಲಿ ನಲವತ್ತು ದಿನಗಳ ಧರಣಿ ನಡೆಯಿತು. ಅಂಗಡಿಯವರು ತರಕಾರಿ, ಹಿಟ್ಟು ಕೊಟ್ಟರು, ದಿನವೂ ಹಾಡು, ಅಣಕವಾಡು ನಡೆಯುತ್ತಿದ್ದವು. ಪತ್ರಿಕೆಗಳು ಬರೆದವು, ಸಂಪಾದಕರೇ ಬಂದು ಕೂತರು. ಮರುವರ್ಷ ಜೈಪುರದಲ್ಲಿ ಇನ್ನೂ ದೀರ್ಘವಾದ ಧರಣಿ ನಡೆದಾಗ, ನೀವು ಕೇಳುತ್ತಿರುವ ನಿಯಮ ಆರು ತಿಂಗಳ ಹಿಂದೆಯೇ ರಾಜ್ಯಪತ್ರದಲ್ಲಿ ಪ್ರಕಟವಾಗಿದೆ ಎಂದು ಸರ್ಕಾರ ಹೇಳಿತು. ಮಾಹಿತಿಯ ಹಕ್ಕನ್ನು ಕೊಟ್ಟ ಆದೇಶವನ್ನೇ ಗುಟ್ಟಾಗಿ ಇಟ್ಟಿದ್ದರೆಂಬುದು ಯಾವ ಅಣಕವಾಡಿನ ಕವಿಗೂ ಹೊಳೆಯದ ತಿರುವು. ಕರ್ನಾಟಕ 2000ದಲ್ಲಿ ತನ್ನ ಮಾಹಿತಿ ಹಕ್ಕು ಕಾಯ್ದೆಯನ್ನು ಮಾಡಿತು. ಇಡೀ ದೇಶದ ಕಾಯ್ದೆ 2005ರಲ್ಲಿ ಬಂತು.

ಸಂಪಾದಕರು ಬಂದು ಕೂತದ್ದು ಅಲಂಕಾರಕ್ಕಲ್ಲ. ಬೀದಿನಾಟಕ ಆಡಿದ ಕ್ಷಣದಲ್ಲೇ ಅಳಿದುಹೋಗುತ್ತದೆ. ಅದನ್ನು ಕಾಣದವರಿಗೆ ಅದು ಆಗಿಯೇ ಇಲ್ಲ. ಬೀದಿಯ ಇನ್ನೂರು ಜನರ ಸಿಟ್ಟು ಆಡಳಿತವನ್ನು ಮುಟ್ಟುವುದು, ಅದು ಬೀದಿಯಲ್ಲಿಲ್ಲದವರಿಗೂ ತಿಳಿದುಬಿಟ್ಟಿದೆಯೆಂದು ಆಡಳಿತಕ್ಕೆ ಅನ್ನಿಸಿದಾಗ. ಕರ್ನಾಟಕದಲ್ಲಿ ಈ ಕೆಲಸಕ್ಕೆ 1980ರಲ್ಲಿ ಒಂದು ಹೊಸ ಬಗೆಯ ಪತ್ರಿಕೆ ಸಿಕ್ಕಿತು. ‘ಲಂಕೇಶ್ ಪತ್ರಿಕೆ’ ಜಾಹೀರಾತು ತೆಗೆದುಕೊಳ್ಳದೆ, ಓದುಗ ಕೊಟ್ಟ ಬೆಲೆಯಲ್ಲೇ ನಡೆಯಿತು. ಟವೆಲಿನ ವಿಚಾರಕ್ಕೆ ಮರಳಬೇಕೆಂದಿದ್ದು ಇದಕ್ಕೇ. ಬೀದಿಯಲ್ಲಿ ಚಿಲ್ಲರೆ ಹಾಕಿದವನೂ ಪೆಟ್ಟಿಗೆ ಅಂಗಡಿಯಲ್ಲಿ ಆ ಪತ್ರಿಕೆ ಕೊಂಡವನೂ ಒಂದೇ ಬಗೆಯ ಕೆಲಸ ಮಾಡುತ್ತಿದ್ದರು: ನೋಡಿದ, ಓದಿದ ಮೇಲೆ ದುಡ್ಡು ಕೊಡುತ್ತಿದ್ದರು, ಹಿಡಿಸದಿದ್ದರೆ ಕೊಡುತ್ತಿರಲಿಲ್ಲ. ಮಂತ್ರಿಗೂ ಉದ್ಯಮಿಗೂ ಅಲ್ಲಿ ಕಸಿದುಕೊಳ್ಳಲು ಜಾಹೀರಾತು ಎಂಬುದೇ ಇರಲಿಲ್ಲ. ಸಣ್ಣ ಹಣಕ್ಕೂ ದೋಷಗಳಿವೆ. ಓದುಗನನ್ನು ರಂಜಿಸಲೇಬೇಕೆಂಬ ಒತ್ತಡ ಭಾಷೆಯನ್ನು ಒರಟು ಮಾಡುತ್ತದೆ, ತಂಡಗಳು ನಾಲ್ಕಾರು ವರ್ಷಗಳಲ್ಲಿ ಬಳಲಿ ಚದುರುತ್ತವೆ. ಅಷ್ಟಾಗಿಯೂ, ಯಾರನ್ನು ದೂರಬಾರದು ಎಂಬ ಷರತ್ತು ಆ ಹಣದ ಜೊತೆ ಬರುವುದಿಲ್ಲ.

ದೂರಿದ್ದಕ್ಕೆ ತೆತ್ತ ಬೆಲೆಯ ಪ್ರಸಂಗ ದೇಶಕ್ಕೆಲ್ಲ ಗೊತ್ತು. 1989ರ ಜನವರಿ 1ರಂದು ಗಾಜಿಯಾಬಾದ್ ಬಳಿಯ ಝಂಡಾಪುರದಲ್ಲಿ ಜನ ನಾಟ್ಯ ಮಂಚ್ ‘ಹಲ್ಲಾ ಬೋಲ್’ ಆಡುತ್ತಿದ್ದಾಗ ಸ್ಥಳೀಯ ಚುನಾವಣೆಯ ಅಭ್ಯರ್ಥಿಯೊಬ್ಬನ ಗುಂಪು ಮೇಲೆ ಬಿತ್ತು. ರಾಮ್ ಬಹಾದೂರ್ ಎಂಬ ಕಾರ್ಮಿಕ ಗುಂಡೇಟಿಗೆ ಸತ್ತ. ತಲೆಗೆ ಏಟು ಬಿದ್ದ, ತಂಡದ ಮುಂದಾಳು ಸಫ್ದರ್ ಹಾಶ್ಮಿ ಮರುದಿನ ತೀರಿಕೊಂಡರು. ಅವರಿಗೆ ಆಗ ಮೂವತ್ತನಾಲ್ಕು. ಜನವರಿ 4ರಂದು ಅವರ ಪತ್ನಿ ಮೊಲೊಯಶ್ರೀ ತಂಡದೊಡನೆ ಅದೇ ಜಾಗಕ್ಕೆ ಹೋಗಿ, ನಿಂತಲ್ಲಿಂದ ಮುಂದಕ್ಕೆ ಎಂಬಂತೆ ನಾಟಕವನ್ನು ಆಡಿ ಮುಗಿಸಿದರು. ಅದೇ ತಿಂಗಳು ದೆಹಲಿಯಲ್ಲಿ ನಡೆಯುತ್ತಿದ್ದ ಅಂತರರಾಷ್ಟ್ರೀಯ ಚಲನಚಿತ್ರೋತ್ಸವದ ವೇದಿಕೆಯಲ್ಲಿ ಶಬಾನಾ ಆಜ್ಮಿ ಪ್ರತಿಭಟನೆಯ ಹೇಳಿಕೆಯನ್ನು ಓದಿದಾಗ, ಕಾರ್ಮಿಕರ ಕಾಲೊನಿಯ ಸಾವೊಂದು ಸರ್ಕಾರಿ ಉತ್ಸವದ ಒಳಗೇ ಕೇಳಿಸಿತು. ಅಪರಾಧಿಗಳಿಗೆ ಶಿಕ್ಷೆಯಾಗಲು 2003ರವರೆಗೆ ಕಾಯಬೇಕಾಯಿತು. ಸಫ್ದರ್ ಅವರ ಜನ್ಮದಿನವಾದ ಏಪ್ರಿಲ್ 12 ಬೀದಿನಾಟಕದ ದಿನವಾಗಿದೆ.

ಕಾನೂನಿನ ಕಡೆಯಿಂದ ನೋಡಿದರೆ ನಾಟಕದ ಮೇಲಿನ ಅನುಮಾನ ಬಹಳ ಹಳೆಯದು. ಕೋಲ್ಕತ್ತದ ವಕೀಲರೊಬ್ಬರು ಬ್ರಿಟನ್ನಿನ ಯುವರಾಜನನ್ನು ಮನೆಗೆ ಕರೆದು ಅಂತಃಪುರದ ಹೆಂಗಸರಿಂದ ಸ್ವಾಗತ ಮಾಡಿಸಿದ್ದನ್ನು ಅಲ್ಲಿನ ರಂಗತಂಡವೊಂದು ಅಣಕಿಸಿದ್ದೇ ನೆಪವಾಗಿ 1876ರ ನಾಟಕ ಪ್ರದರ್ಶನ ಕಾಯ್ದೆ ಬಂತು. ಸ್ವಾತಂತ್ರ್ಯ ಬಂದ ಮೇಲೂ ಅದು ಹೋಗಲಿಲ್ಲ, ರಾಜ್ಯಗಳು ತಮ್ಮ ತಮ್ಮ ಆವೃತ್ತಿಗಳನ್ನು ಮಾಡಿಕೊಂಡವು. ಅಂದಿನ ಮೈಸೂರು ರಾಜ್ಯದ್ದು 1964ರದು. ಪ್ರೇಮಚಂದರ ಕಥೆಯೊಂದನ್ನು ಲಖನೌದಲ್ಲಿ ಇಪ್ಟಾ ಆಡಿದಾಗಲೂ ಈ ಕಾಯ್ದೆಯನ್ನೇ ಹೂಡಿದ್ದರು, ಅಲಹಾಬಾದ್ ಹೈಕೋರ್ಟ್ 1956ರಲ್ಲಿ ಅದು ಸಂವಿಧಾನಕ್ಕೆ ಹೊಂದುವುದಿಲ್ಲವೆಂದಿತು. ತಮಿಳುನಾಡಿನ ಕಾಯ್ದೆಯನ್ನು ಮದ್ರಾಸ್ ಹೈಕೋರ್ಟ್ 2013ರಲ್ಲಿ ಕೆಡವಿತು. ಕೇಂದ್ರದ ಮೂಲ ಕಾಯ್ದೆ ರದ್ದಾದದ್ದು 2018ರ ಆರಂಭದಲ್ಲಿ. ಈ ನಡುವೆ 1989ರಲ್ಲಿ, ಮೀಸಲಾತಿಯನ್ನು ಟೀಕಿಸಿದ ತಮಿಳು ಚಲನಚಿತ್ರವೊಂದರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ಮುಖ್ಯವಾದ ತತ್ತ್ವವನ್ನು ಹೇಳಿತು: ಪ್ರದರ್ಶನ ನಡೆದರೆ ಗಲಭೆಯಾಗುತ್ತದೆಂಬ ಬೆದರಿಕೆ ಇದ್ದರೆ, ಗಲಭೆ ಮಾಡುವವರನ್ನು ತಡೆಯುವುದು ಸರ್ಕಾರದ ಹೊಣೆ, ಆ ಬೆದರಿಕೆಗೆ ಮಣಿದು ಮಾತನ್ನು ನಿಲ್ಲಿಸುವಂತಿಲ್ಲ. ನಡೆಯುತ್ತಿರುವುದು ಮಾತ್ರ ಬಹುಪಾಲು ಇದಕ್ಕೆ ತಿರುಗುಮುರುಗು. ಶಾಂತಿಭಂಗದ ಸಾಧ್ಯತೆಯಿದೆಯೆಂದು ತಂಡಕ್ಕೇ ಅನುಮತಿ ನಿರಾಕರಿಸುವುದು ಪೊಲೀಸರಿಗೆ ಸುಲಭ.

ಅದಕ್ಕಿಂತ ಸದ್ದಿಲ್ಲದ ಬದಲಾವಣೆ ಜಾಗದ್ದು. ಬೆಂಗಳೂರಿನಲ್ಲಿ ಒಂದು ಕಾಲಕ್ಕೆ ಪುರಭವನದ ಮೆಟ್ಟಿಲು, ಮೈಸೂರು ಬ್ಯಾಂಕ್ ವೃತ್ತ, ಬನ್ನಪ್ಪ ಪಾರ್ಕ್ ಎಲ್ಲವೂ ಪ್ರತಿಭಟನೆಯ ಜಾಗಗಳೇ. 2021ರ ಪೊಲೀಸ್ ಪರವಾನಗಿ ಆದೇಶ ಪ್ರತಿಭಟನೆಗಳನ್ನು ಫ್ರೀಡಂ ಪಾರ್ಕಿಗೆ ಸೀಮಿತಗೊಳಿಸಿತು. ಆ ಪಾರ್ಕ್ ಹಿಂದೆ ಕೇಂದ್ರ ಕಾರಾಗೃಹವಾಗಿತ್ತು. ರಂಗನಟಿ ಸ್ನೇಹಲತಾ ರೆಡ್ಡಿಯವರನ್ನು ತುರ್ತು ಪರಿಸ್ಥಿತಿಯಲ್ಲಿ ಇಟ್ಟಿದ್ದು ಅಲ್ಲೇ, 1977ರ ಜನವರಿಯಲ್ಲಿ ಹೊರಬಂದ ಕೆಲವೇ ದಿನಗಳಲ್ಲಿ ಅವರು ತೀರಿಕೊಂಡರು. ವಾಹನ ದಟ್ಟಣೆಯಲ್ಲಿ ಸಿಕ್ಕಿಬಿದ್ದ ಆಂಬುಲೆನ್ಸಿನ ವಾದವನ್ನು ತಳ್ಳಿಹಾಕುವಂತಿಲ್ಲ. ಆದರೆ ಭಾಷಣಕ್ಕೆ ಪಾರ್ಕ್ ಸಾಕಾಗಬಹುದು, ಬೀದಿನಾಟಕಕ್ಕೆ ಸಾಲದು. ಪಾರ್ಕಿಗೆ ಬರುವವನು ವಿಷಯ ತಿಳಿದು, ಒಪ್ಪಿ ಬಂದವನು. ಬೀದಿನಾಟಕಕ್ಕೆ ಬೇಕಾದದ್ದು ಏನೂ ತಿಳಿಯದೆ ಹಾದುಹೋಗುತ್ತಿರುವವನು.

ಇತ್ತ ಸರ್ಕಾರ ಬೀದಿನಾಟಕವನ್ನು ತನ್ನದಾಗಿಸಿಕೊಂಡದ್ದು ಬಲಾತ್ಕಾರದಿಂದಲ್ಲ. ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತು 1980ರಿಂದ ವಿಜ್ಞಾನ ಪ್ರಚಾರಕ್ಕೆ ಕಲಾಜಾಥಾಗಳನ್ನು ನಡೆಸುತ್ತಿತ್ತು. 1990ರಲ್ಲಿ ಎರ್ನಾಕುಳಂ ಸಂಪೂರ್ಣ ಸಾಕ್ಷರ ಜಿಲ್ಲೆಯಾದ ಮೇಲೆ ಅದೇ ದಾರಿ ದೇಶಕ್ಕೆಲ್ಲ ಹಬ್ಬಿತು. ಕರ್ನಾಟಕದಲ್ಲಿ ದಕ್ಷಿಣ ಕನ್ನಡ, ವಿಜಯಪುರ ಮುಂತಾದ ಜಿಲ್ಲೆಗಳ ಸಾಕ್ಷರತಾ ಆಂದೋಲನಗಳಲ್ಲಿ ನೂರಾರು ಯುವಕ ಯುವತಿಯರು ಮೊದಲ ಬಾರಿಗೆ ವೃತ್ತದೊಳಗೆ ನಿಂತರು. ಅಲ್ಲಿ ಹೋರಾಟದವರೂ ಜಿಲ್ಲಾಡಳಿತದವರೂ ಒಟ್ಟಿಗೆ ದುಡಿದರು, ಆ ಕೆಲಸಕ್ಕೆ ಬೆಲೆಯೂ ಇತ್ತು. ಬಳಿಕ ಪಲ್ಸ್ ಪೋಲಿಯೊ, ಏಡ್ಸ್, ಶೌಚಾಲಯ, ಮತದಾನ ಜಾಗೃತಿ ಎಂದು ಒಂದೊಂದೇ ಇಲಾಖೆ ತಂಡಗಳನ್ನು ಕರೆಯತೊಡಗಿತು. ಪ್ರದರ್ಶನಕ್ಕೆ ಇಷ್ಟು ಎಂಬ ಸಂಭಾವನೆ, ಇಲಾಖೆಯ ಬ್ಯಾನರ್, ಪ್ರದರ್ಶನ ನಡೆದದ್ದಕ್ಕೆ ಪಂಚಾಯಿತಿಯಿಂದ ಸಹಿ ಮಾಡಿಸಿದ ಪತ್ರ ಮತ್ತು ಫೋಟೊ ಇವು ವಾಡಿಕೆಯಾದವು. ಹೊಟ್ಟೆಪಾಡಿಗೆ ಈ ಕೆಲಸ ಹಿಡಿದ ಕಲಾವಿದರನ್ನು ಹಂಗಿಸುವ ಹಕ್ಕು ಸಂಬಳ ತೆಗೆದುಕೊಳ್ಳುವ ನಮ್ಮಂಥವರಿಗಿಲ್ಲ.

ನಾಟಕದೊಳಗೆ ಆದ ಬದಲಾವಣೆಯನ್ನು ಮಾತ್ರ ಹೇಳಲೇಬೇಕು. ಹೋರಾಟದ ಬೀದಿನಾಟಕದಲ್ಲಿ ತಪ್ಪು ಮಾಡಿದವನು ನೋಡುತ್ತ ನಿಂತವನಿಗಿಂತ ಮೇಲಿನವನು: ಜಮೀನುದಾರ, ಮಾಲೀಕ, ಮಂತ್ರಿ. ಪ್ರಾಯೋಜಿತ ನಾಟಕದಲ್ಲಿ ಆ ಜಾಗಕ್ಕೆ ನೋಡುವವನನ್ನೇ ತಂದು ನಿಲ್ಲಿಸುತ್ತಾರೆ. ಶೌಚಾಲಯ ಕಟ್ಟಿಸದ ಸೋಮ, ಮಗಳಿಗೆ ಬೇಗ ಮದುವೆ ಮಾಡುವ ಮಾದಪ್ಪ, ಹಣ ಪಡೆದು ಮತ ಹಾಕುವ ಲಕ್ಕಮ್ಮ. ಅವರಿಗೆ ಬುದ್ಧಿ ಹೇಳಲು ಶಿಕ್ಷಕನೋ ಆರೋಗ್ಯ ಕಾರ್ಯಕರ್ತೆಯೋ ಬರುತ್ತಾರೆ, ಕೊನೆಗೆ ಎಲ್ಲರೂ ಸೇರಿ ಹಾಡುತ್ತಾರೆ. ಶೌಚಾಲಯಕ್ಕೆ ನೀರು ಎಲ್ಲಿಂದ, ಬಿಲ್ಲು ಯಾಕೆ ತಡವಾಯಿತು, ಹಣ ಹಂಚಿದವನು ಯಾರು ಎಂಬ ಪ್ರಶ್ನೆಗಳಿಗೆ ಆ ಕಥೆಯಲ್ಲಿ ಪಾತ್ರಗಳೇ ಇಲ್ಲ. ತಮಟೆ, ವೃತ್ತ, ಟವೆಲು ಎಲ್ಲವೂ ಹಾಗೆಯೇ ಇವೆ, ದೂರು ಮಾತ್ರ ದಿಕ್ಕು ಬದಲಿಸಿದೆ. ಟವೆಲು ಈಗ ಚಿಲ್ಲರೆಗೆ ಚಾಚಿಕೊಳ್ಳುವುದಿಲ್ಲ. ಬಾಲ್ಯವಿವಾಹದ ವಿರುದ್ಧ ಬುದ್ಧಿಮಾತು ಬೇಡವೆಂದು ಯಾರೂ ಹೇಳುವುದಿಲ್ಲ. ಆದರೆ ಅದನ್ನು ಪ್ರಚಾರ ಎಂದು ಕರೆಯಬೇಕು, ಜನರ ರಂಗಭೂಮಿ ಎಂದು ಕರೆದು ಹಳೆಯ ಹೆಸರಿನ ಗೌರವವನ್ನು ಪುಕ್ಕಟೆಯಾಗಿ ಪಡೆಯಬಾರದು.

ಹೋರಾಟದ ನಾಟಕಗಳು ನಿಂತಿಲ್ಲ. ಪೌರಕಾರ್ಮಿಕರ, ಅಂಗನವಾಡಿ ಕಾರ್ಯಕರ್ತೆಯರ, ರೈತರ ಧರಣಿಗಳಲ್ಲಿ ತಂಡಗಳು ಇಂದಿಗೂ ಆಡುತ್ತವೆ. ಹಗಲು ಇಲಾಖೆಗೆ ಆಡಿ ಸಂಜೆ ಸಂಭಾವನೆಯಿಲ್ಲದೆ ಧರಣಿಗೆ ಆಡುವ ತಂಡಗಳೂ ಉಂಟು. ಅವುಗಳ ಸುತ್ತ ಈಗ ಜನಕ್ಕಿಂತ ಮುಂದೆ ಮೊಬೈಲುಗಳು ನಿಂತಿರುತ್ತವೆ. ಇದು ವೃತ್ತದ ಆಕಾರವನ್ನೇ ಬದಲಿಸಿದೆ. ಚಿತ್ರೀಕರಿಸುವವರು ಒಂದು ಬದಿಗೆ ಸೇರುವುದರಿಂದ ನಟರು ತಿಳಿದೋ ತಿಳಿಯದೆಯೋ ಆ ಬದಿಗೆ ತಿರುಗುತ್ತಾರೆ, ಬೆನ್ನಿನ ಕಡೆ ನಿಂತ ದಾರಿಹೋಕರು ಕರಗುತ್ತಾರೆ. ವಿಡಿಯೊ ಲಕ್ಷ ಜನರನ್ನು ತಲುಪಬಹುದು, ಆದರೆ ಅವರಲ್ಲಿ ಹೆಚ್ಚಿನವರು ಆಗಲೇ ಒಪ್ಪಿದವರು ಅಥವಾ ಕೆರಳಲು ಕಾದವರು.

ಕೆರಳಿದವರು ಏನು ಮಾಡಬಲ್ಲರು ಎಂಬುದಕ್ಕೆ ಬೀದರಿನ ಪ್ರಕರಣವಿದೆ. 2020ರ ಜನವರಿಯಲ್ಲಿ ಅಲ್ಲಿನ ಶಾಲೆಯೊಂದರ ಮಕ್ಕಳು ಪೌರತ್ವ ತಿದ್ದುಪಡಿ ಕಾಯ್ದೆಯ ಬಗ್ಗೆ ಶಾಲೆಯೊಳಗೇ ಒಂದು ಕಿರುನಾಟಕ ಆಡಿದರು. ಅದರ ವಿಡಿಯೊ ಫೇಸ್‌ಬುಕ್‌ನಲ್ಲಿ ಹರಿದಾಡಿ, ದೂರು ದಾಖಲಾಗಿ, ರಾಜದ್ರೋಹದ ಪ್ರಕರಣವಾಯಿತು. ಮುಖ್ಯಶಿಕ್ಷಕಿಯೂ ವಿದ್ಯಾರ್ಥಿನಿಯೊಬ್ಬಳ ತಾಯಿಯೂ ಜೈಲಿಗೆ ಹೋದರು, ಮಕ್ಕಳನ್ನು ಪೊಲೀಸರು ಪದೇ ಪದೇ ಪ್ರಶ್ನಿಸಿದರು. ಹೈಕೋರ್ಟಿನ ಕಲಬುರಗಿ ಪೀಠ 2023ರ ಜೂನಿನಲ್ಲಿ ಪ್ರಕರಣವನ್ನು ರದ್ದುಮಾಡಿತು. ಕ್ಯಾಮೆರಾ ಇಲ್ಲದಿದ್ದರೆ ಆ ನಾಟಕ ಶಾಲೆಯ ಅಂಗಳದಲ್ಲೇ ಮುಗಿಯುತ್ತಿತ್ತು. ಹಿಂದೆ ಬೀದಿನಾಟಕ ಬರೆಯುವವರು ವೃತ್ತದ ಸುತ್ತ ನಿಂತವರು ನಗುತ್ತಾರೆಯೇ ಎಂದಷ್ಟೇ ಯೋಚಿಸಿದರೆ ಸಾಕಿತ್ತು. ಈಗ ನಾಟಕದ ಯಾವುದೇ ಮೂವತ್ತು ಸೆಕೆಂಡುಗಳನ್ನು ಕತ್ತರಿಸಿ ತೆಗೆದರೂ, ಆ ತುಣುಕನ್ನು ಮಾತ್ರ ನೋಡಿದ ನ್ಯಾಯಾಧೀಶರ ಮುಂದೆ ಅದು ನಿಲ್ಲುತ್ತದೆಯೇ ಎಂದೂ ಯೋಚಿಸಿ ಬರೆಯಬೇಕಾಗಿದೆ.